ಮನೆಯಲ್ಲಿ ಊಟಕ್ಕೆ ಕಾದರು, ಹುಡುಗ ದಂಡಿಗೆ ಹೋದ

1862. ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಗುಲಾಮಗಿರಿಯ ವಿಷಯದಲ್ಲಿ ಹುಟ್ಟಿದ ಅಂತರ್ಯುದ್ಧ ನಡೆಯುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಎಲೈಷಾ ಸ್ಟಾಕ್‌ವೆಲ್‌ಗೆ ಆಗ ಹದಿನೈದು ವರ್ಷ. ಸೇನೆಗೆ ಹದಿನೆಂಟು ತುಂಬಿರಬೇಕಿತ್ತು. ಹುಡುಗ ವಯಸ್ಸು ಮುಚ್ಚಿಟ್ಟು ಸೇರಿಕೊಂಡ. ಪೇಟೆಗೆ ಹೋಗಿ ಬರುತ್ತೇನೆ ಎಂದಾಗ ಒಡಹುಟ್ಟಿದವಳು, ಅಡುಗೆ ಆಗುತ್ತಾ ಬಂತು, ಬೇಗ ಬಾ ಎಂದಿದ್ದಳಂತೆ. ಅವನು ಮರಳಿದ್ದು ಎರಡು ವರ್ಷದ ಮೇಲೆ. ಅದೇ ಏಪ್ರಿಲ್‌ನಲ್ಲಿ ಶೈಲೋ ಕಾಳಗದಲ್ಲಿ ಗುಂಡುಗಳ ನಡುವೆ ನೆಲಕ್ಕೆ ಒರಗಿದ್ದಾಗ, ಮನೆ ಬಿಟ್ಟು ಬಂದ ತನ್ನ ದಡ್ಡತನ ನೆನಪಾಯಿತೆಂದು ಮುಪ್ಪಿನಲ್ಲಿ ಬರೆದಿಟ್ಟಿದ್ದಾನೆ.

ಯುದ್ಧ ಎಂದರೆ ನಮಗೆ ಕಣ್ಣಿಗೆ ಬರುವುದು ಬಂದೂಕು, ಕುದುರೆ, ಬಾವುಟ. ಆದರೆ ಆ ಸಿಪಾಯಿಗಳು ಹೆಚ್ಚು ದಿನ ಕಳೆದದ್ದು ಬಿಡಾರದಲ್ಲಿ. ದಿನಕ್ಕೆ ಹಲವು ಸಲ ಕವಾಯತು, ಸೌದೆ ಒಡೆಯುವುದು, ನೀರು ಹೊರುವುದು, ರಾತ್ರಿ ಕಾವಲು. ಚಳಿಗಾಲ ಬಂದರೆ ಮರದ ದಿಮ್ಮಿ ಜೋಡಿಸಿ, ಸಂದಿಗೆ ಮಣ್ಣು ಮೆತ್ತಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಊಟಕ್ಕೆ ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ಕಲ್ಲಿನಂಥ ಬಿಸ್ಕತ್ತು. ಬಿಸ್ಕತ್ತನ್ನು ಬಿಸಿ ಕಾಫಿಗೆ ಹಾಕಿದರೆ ಹುಳು ಮೇಲೆ ತೇಲುತ್ತಿದ್ದವು. ಅವನ್ನು ತೆಗೆದೆಸೆದು ತಿನ್ನುತ್ತಿದ್ದರು. ಉತ್ತರದ ಸಾಮಾನ್ಯ ಸಿಪಾಯಿಗೆ ಮೊದಲು ತಿಂಗಳಿಗೆ 13 ಡಾಲರ್ ಸಂಬಳ, ಅದೂ ಹಲವು ಸಲ ತಿಂಗಳುಗಟ್ಟಲೆ ತಡ.

ಹಳ್ಳಿ ಹುಡುಗರ ಪಾಡು ಇನ್ನೂ ಕಷ್ಟ. ದೂರ ದೂರದ ಹೊಲಮನೆಗಳಲ್ಲಿ ಬೆಳೆದವರಿಗೆ ದಡಾರದಂಥ ರೋಗ ಮೊದಲು ತಗುಲಿರಲಿಲ್ಲ. ಸಾವಿರಾರು ಜನ ಒಂದೆಡೆ ಸೇರಿದ ಕೂಡಲೇ ಹಾಸಿಗೆ ಹಿಡಿದರು. ಆ ಯುದ್ಧದಲ್ಲಿ ಸತ್ತವರು 6,20,000 ಎಂಬುದು ಬಹುಕಾಲದ ಲೆಕ್ಕ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸತ್ತದ್ದು ಭೇದಿ, ವಿಷಮಜ್ವರದಂಥ ಕಾಯಿಲೆಯಿಂದ, ಗುಂಡಿನಿಂದಲ್ಲ.

ಇದರ ಜೊತೆಗೆ ಇನ್ನೊಂದು ಕಾಯಿಲೆ ಸೇನಾ ವೈದ್ಯರ ಪುಸ್ತಕದಲ್ಲಿದೆ. ಅದರ ಹೆಸರು ‘ನಾಸ್ಟಾಲ್ಜಿಯಾ’, ಎಂದರೆ ಮನೆಯ ಹಂಬಲ. ಉತ್ತರದ ಸೇನೆಯೊಂದರಲ್ಲೇ 5,000ಕ್ಕೂ ಹೆಚ್ಚು ಪ್ರಕರಣ ದಾಖಲಾದವು. 70ಕ್ಕೂ ಹೆಚ್ಚು ಮಂದಿ ಅದರಿಂದಲೇ ಸತ್ತರೆಂದು ಬರೆಯಲಾಗಿದೆ. ಊಟ ಸೇರದು, ನಿದ್ದೆ ಹತ್ತದು, ಮೈ ಸೊರಗುತ್ತಾ ಹೋಗುತ್ತದೆ. ಹಂಬಲದಿಂದ ಸೋತ ಮೈಯಲ್ಲಿ ಬೇರೆ ರೋಗ ಬೇಗ ಮನೆ ಮಾಡುತ್ತದೆ ಎಂದು ವೈದ್ಯರು ಕಂಡಿದ್ದರು. ಮದ್ದಿನ ವಿಷಯದಲ್ಲಿ ಮಾತ್ರ ಅವರಲ್ಲೇ ಎರಡು ಮತ. ಕೆಲವರು ಇದು ಗಂಡಸುತನದ ಕೊರತೆ, ಕೆಲಸ ಹೆಚ್ಚಿಸಿ, ಗೇಲಿ ಮಾಡಿ ಎಂದರು. ಕೆಲವರು ರಜೆ ಕೊಟ್ಟು ಊರಿಗೆ ಕಳಿಸಿ ಎಂದರು.

ರಜೆ ಸಿಗದವನಿಗೆ ಕಾಗದವೇ ಗತಿ. ಅಂಚೆಚೀಟಿಗೆ ಕಾಸಿಲ್ಲದವರು ಸಿಪಾಯಿಯ ಕಾಗದ ಎಂದು ಗುರುತು ಹಾಕಿಸಿ ಕಳಿಸಬಹುದಿತ್ತು. ದುಡ್ಡು ಮನೆಯವರು ಕೊಡಬೇಕು. ಓದು ಬಾರದವರು ಗೆಳೆಯರಿಂದ ಬರೆಸುತ್ತಿದ್ದರು. ಬೆಳೆ ಹೇಗಿದೆ, ಕುದುರೆ ಹೇಗಿದೆ ಎಂದು ಕೇಳುತ್ತಿದ್ದರು. ಆದರೆ ಕಾಗದ ಎರಡು ಅಲಗಿನ ಕತ್ತಿ. ಮಕ್ಕಳಿಗೆ ಅನ್ನವಿಲ್ಲ ಎಂದು ಮನೆಯಿಂದ ಬಂದ ಕಾಗದ ಓದಿ ದಕ್ಷಿಣದ ಎಷ್ಟೋ ಸಿಪಾಯಿಗಳು ದಂಡು ಬಿಟ್ಟು ಓಡಿದರು. ಸಿಕ್ಕಿಬಿದ್ದರೆ ಗುಂಡಿಕ್ಕಿ ಕೊಲ್ಲುವ ಶಿಕ್ಷೆಯೂ ಇತ್ತು.

1862ರ ಡಿಸೆಂಬರ್ 30ರ ರಾತ್ರಿ ಟೆನೆಸ್ಸಿಯ ಸ್ಟೋನ್ಸ್ ನದಿಯ ಬಳಿ ಎರಡೂ ದಂಡುಗಳು ಎದುರುಬದುರು ಬೀಡುಬಿಟ್ಟಿದ್ದವು. ಎರಡೂ ಕಡೆಯ ವಾದ್ಯದವರು ತಮ್ಮ ತಮ್ಮ ಹಾಡು ನುಡಿಸಿ ಸ್ಪರ್ಧೆಗಿಳಿದರು. ಕೊನೆಗೆ ಒಂದು ಕಡೆ ‘ಹೋಮ್, ಸ್ವೀಟ್ ಹೋಮ್’ ಎಂಬ ಮನೆಯ ಹಾಡು ಶುರುವಾಯಿತು. ಇನ್ನೊಂದು ಕಡೆಯೂ ಅದನ್ನೇ ಎತ್ತಿಕೊಂಡಿತು. ಬೆಳಗಾದರೆ ಕಾದಾಡಬೇಕಾದ ಸಾವಿರಾರು ಹುಡುಗರು ಒಟ್ಟಿಗೆ ಹಾಡಿದರು. ಮರುದಿನ ಶುರುವಾದ ಆ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 23,000ಕ್ಕೂ ಹೆಚ್ಚು.

ಆ ಯುದ್ಧದ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತು. ಅಮೆರಿಕದ ಹತ್ತಿ ನಿಂತು ಇಲ್ಲಿನ ಹತ್ತಿಗೆ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಬಿತ್ತು. ಆ ಏರಿಳಿತ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿದೆ. ಹತ್ತಿ ಹೊಲದಾಚೆ ಬಿಡಾರದಲ್ಲಿ ಕೂತು ಮನೆಯ ಅಡುಗೆ ನೆನೆದ ಹುಡುಗರನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು ಎಂಬುದು ನಮ್ಮ ಅನಿಸಿಕೆ. ಅವರ ಹಂಬಲವನ್ನು ಹೇಡಿತನ ಎಂದವರೂ ಇದ್ದರು. ಸತ್ತವರ ಪಟ್ಟಿಯಲ್ಲಿ ಮಾತ್ರ ಅದು ಕಾಯಿಲೆ ಎಂದೇ ದಾಖಲಾಗಿದೆ.