ನಿಂತವನೂ ಬಗ್ಗಿದವನೂ

ಸಮಾಜ ಪಾಠದ ಪುಸ್ತಕದಲ್ಲಿ ಯುದ್ಧಗಳಿಗೆ, ಒಪ್ಪಂದಗಳಿಗೆ ಇರುವಷ್ಟು ಜಾಗ ಬೀದಿಗಳಿಗೆ ಇಲ್ಲ. ಅದಕ್ಕೇ ವರ್ಷಕ್ಕೊಮ್ಮೆ, ಪರೀಕ್ಷೆಗೆ ಬಾರದ ಒಂದು ಪಾಠವನ್ನು ನಾನು ಮಾಡುತ್ತೇನೆ. ರಟ್ಟಿಗೆ ಅಂಟಿಸಿಟ್ಟುಕೊಂಡಿರುವ ಒಂದು ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, “ಇದರಲ್ಲಿ ಎಷ್ಟು ಜನ ಇದ್ದಾರೆ, ಹೇಳಿ” ಎನ್ನುತ್ತೇನೆ.

ಚಿತ್ರ ಪ್ಯಾರಿಸ್ ನಗರದ್ದು. 1838ರಲ್ಲಿ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಬುಲವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ತೆಗೆದದ್ದು. ಮರಗಳ ಸಾಲು, ಎತ್ತರದ ಮನೆಗಳು, ಹೊಗೆಗೂಡುಗಳು ಎಲ್ಲ ಇವೆ. ಬೀದಿ ಮಾತ್ರ ಬಿಕೋ ಎನ್ನುತ್ತಿದೆ. “ಕರ್ಫ್ಯೂ ಹಾಕಿದ್ದಾರಾ ಮಿಸ್?” ಎಂದು ಒಬ್ಬ ಹುಡುಗ ಕೇಳಿದ್ದ. ನಗು ಬಂತು, ಆದರೆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನಾಟಕಶಾಲೆಗಳು ಸಾಲಾಗಿದ್ದ, ಕುದುರೆಗಾಡಿಗಳೂ ಜನರೂ ಕಿಕ್ಕಿರಿಯುತ್ತಿದ್ದ ಬೀದಿಯದು. ಅವರೆಲ್ಲ ಎಲ್ಲಿಗೆ ಹೋದರು?

ಎಲ್ಲಿಗೂ ಹೋಗಿರಲಿಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಲು ಆಗ ಕೆಲವು ನಿಮಿಷಗಳೇ ಬೇಕಿತ್ತು. ಅಷ್ಟು ಹೊತ್ತು ಅಲ್ಲಾಡದೆ ಇದ್ದದ್ದಷ್ಟೇ ತಗಡಿಗೆ ದಕ್ಕಿತು. ನಡೆದುಹೋದವರು, ಗಾಡಿಯಲ್ಲಿ ಹೋದವರು, ಜಗಳವಾಡಿದವರು, ಮಗುವಿನ ಕೈಹಿಡಿದು ಎಳೆದುಕೊಂಡು ಹೋದವರು ಯಾರೂ ಗುರುತು ಉಳಿಸಲಿಲ್ಲ. ಇಡೀ ಬೀದಿಯ ಗಜಿಬಿಜಿ ತನ್ನಷ್ಟಕ್ಕೆ ತಾನೇ ಅಳಿಸಿಹೋಯಿತು.

ಉಳಿದವನು ಒಬ್ಬ. ಎಡಗಡೆ ಕೆಳಗೆ, ಕಾಲುದಾರಿಯ ಅಂಚಿನಲ್ಲಿ, ಒಂದು ಕಾಲನ್ನು ಎತ್ತಿಟ್ಟುಕೊಂಡು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿರುವವನು. ಫೋಟೋದಲ್ಲಿ ಮೂಡಿದ ಮನುಷ್ಯರಲ್ಲಿ ಮೊದಲಿಗನೆಂದು ಅವನನ್ನೇ ಹೇಳುತ್ತಾರೆ. ತಾನು ಅಮರನಾಗುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ, ಬೂಟು ಹೊಳೆದರೆ ಸಾಕಿತ್ತು. ತಂತಿ ಸಂದೇಶದಿಂದ ಹೆಸರಾದ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಈ ಚಿತ್ರ ನೋಡಿ ಬೆರಗಾಗಿ ತಮ್ಮನಿಗೆ ಪತ್ರ ಬರೆದ. ಅವನೂ ಬೂಟಿನವನನ್ನು ಗುರುತಿಸಿದ್ದ, ಕಾಲುಗಳು ಮಾತ್ರ ಸ್ಪಷ್ಟವಾಗಿವೆ ಎಂದಿದ್ದ.

ಕೆಲವು ವರ್ಷಗಳ ಹಿಂದೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಇಬ್ಬರಿದ್ದಾರೆ ಮಿಸ್” ಎಂದಳು. “ಪಾಲಿಶ್ ಹಾಕುವವನು ಇಲ್ಲದೆ ಹಾಕಿಸಿಕೊಳ್ಳುವವನು ಹೇಗೆ ಇರುತ್ತಾನೆ?”

ನಾನು ಅಷ್ಟು ವರ್ಷ ಒಬ್ಬನೆಂದೇ ಹೇಳಿಕೊಂಡು ಬಂದಿದ್ದೆ. ಕನ್ನಡಕ ಹಾಕಿಕೊಂಡು ನೋಡಿದೆ. ಇದ್ದಾನೆ, ಬಗ್ಗಿ ಕೂತಿದ್ದಾನೆ. ಆದರೆ ಕೈ ಆಡುತ್ತಿದ್ದುದರಿಂದ ಮಸಿ ಮೆತ್ತಿದ ಹಾಗೆ ಮಸುಕು. ನಿಂತು ಸೇವೆ ಮಾಡಿಸಿಕೊಂಡವನು ಚಿತ್ರಕ್ಕೆ ಬಂದ, ಬಗ್ಗಿ ಕೆಲಸ ಮಾಡಿದವನು ಕಲೆಯಾಗಿ ಉಳಿದ. ಅಂದು ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ.

ಆ ತಗಡಿನ ಕಥೆಯೂ ಹಾಗೇ. ಡಾಗೇರ್ ಅದನ್ನು ಬವೇರಿಯಾದ ದೊರೆಗೆ ಕಳಿಸಿಕೊಟ್ಟ. ಎಷ್ಟೋ ಕಾಲದ ಮೇಲೆ ಅದನ್ನು ಶುಚಿಮಾಡಲು ಹೋಗಿ ಚಿತ್ರವೇ ಹಾಳಾಯಿತು. ಮೊದಲೇ ಪ್ರತಿ ತೆಗೆದಿಟ್ಟಿದ್ದರಿಂದ ನಾವು ನೋಡುತ್ತಿದ್ದೇವೆ. ಅತಿಯಾಗಿ ಉಜ್ಜಿದರೆ ಏನಾಗುತ್ತದೆಂದು ಕಲಾಯಿ ಪಾತ್ರೆ ಕಂಡ ನಮಗೆ ಹೇಳಿಕೊಡಬೇಕೆ!

ಕ್ಯಾಮೆರಾ ಚುರುಕಾದಂತೆ ಕಷ್ಟ ತಿರುವುಮುರುವಾಯಿತು. 1925ರಲ್ಲಿ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂತು. ಅಂಗೈಗೆ ಒಗ್ಗುವಷ್ಟು ಪುಟ್ಟದು, ಸೆಕೆಂಡಿನ ಐನೂರನೇ ಒಂದು ಪಾಲಿನಲ್ಲಿ ಚಿತ್ರ ಹಿಡಿಯಬಲ್ಲದು. ಈಗ ಬೀದಿಯಲ್ಲಿದ್ದ ಯಾವುದೂ ಅಳಿಯುವುದಿಲ್ಲ. ಸೈಕಲ್ಲು, ಹಲಗೆ, ನಾಯಿ, ದಾರಿಗಡ್ಡ ಬಂದವನ ಮೊಣಕೈ ಎಲ್ಲವೂ ಒಳಗೆ. ಯಾವುದು ಬೇಕು ಎನ್ನುವುದನ್ನು ತೆಗೆಯುವವರೇ ಆರಿಸಬೇಕು.

ಜೈಪುರದಲ್ಲಿ 1942ರಲ್ಲಿ ಹುಟ್ಟಿದ ರಘುಬೀರ್ ಸಿಂಗ್ ಬೇರೆ ದಾರಿ ಹಿಡಿದರು. ದೊಡ್ಡ ಛಾಯಾಗ್ರಾಹಕರು ಬಣ್ಣದ ಫಿಲ್ಮನ್ನು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಅವರು ಬಣ್ಣದಲ್ಲೇ ನಮ್ಮ ಬೀದಿಗಳನ್ನು ತೆಗೆದರು. ಹೌರಾದ ಕಾಲುದಾರಿಯಲ್ಲಿ ಕನ್ನಡಿ ಮಾರುವ ಜಾಗದ ಒಂದು ಚಿತ್ರವಿದೆ, 1991ರದು. ಸಾಲುಗನ್ನಡಿಗಳಲ್ಲಿ ಬೀದಿಯೇ ತುಂಡುತುಂಡಾಗಿ ಕೂತಿದೆ. ಯಾರು ಮುಖ್ಯ ಎಂದು ಬೆರಳಿಡಲಾಗದು, ಹಾಗೆಂದು ಒಬ್ಬರನ್ನೂ ತೆಗೆದುಹಾಕಲಾಗದು. ಅಂಬಾಸಿಡರ್ ಕಾರಿನಲ್ಲಿ ಕೂತು ಅವರು ತೆಗೆದ ಚಿತ್ರಗಳ ಪುಸ್ತಕ 2002ರಲ್ಲಿ ಬಂತು, ಅವರು ತೀರಿಕೊಂಡು ಮೂರು ವರ್ಷದ ಮೇಲೆ. ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳೇ ಬೀದಿಯನ್ನು ಪಾಲುಮಾಡಿಕೊಡುತ್ತವೆ.

ಈ ಬುದ್ಧಿ ನನಗೆ 1986ರಲ್ಲಿ ಇರಲಿಲ್ಲ. ಮೊದಲ ವರ್ಷದ ಬಿ.ಎ. ಓದುತ್ತಿದ್ದೆ. ಅಣ್ಣನ ಅಗ್ಫಾ ಕ್ಲಿಕ್ ಕ್ಯಾಮೆರಾವನ್ನು ಕಾಡಿ ಬೇಡಿ ಇಸಿದುಕೊಂಡು ನಮ್ಮೂರ ತೇರಿನ ಚಿತ್ರ ತೆಗೆದೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ತೊಳೆಸಿಕೊಂಡು ಬರಲು ಹೋದಾಗ ಸ್ಟುಡಿಯೋದವರು ಒಂದೊಂದನ್ನೇ ತಿರುವಿ, “ಯಾರನ್ನು ತೆಗೀಬೇಕೂಂತ ಹೋಗಿದ್ದೆ ತಾಯಿ?” ಎಂದರು. ಕರೆಂಟು ಕಂಬ, ತಂತಿ, ತೋರಣ, ಕೊಡೆ, ತಲೆಗಳು. ತೇರು ಎಲ್ಲೋ ಹಿಂದೆ. ಅವಮಾನವಾಗಿ ಕವರನ್ನು ಟ್ರಂಕಿನ ತಳಕ್ಕೆ ಸೇರಿಸಿದೆ.

ಅಮ್ಮ ಹೋದ ಮೇಲೆ ಆ ಕವರು ಮತ್ತೆ ಕೈಗೆ ಬಂತು. ಒಂಬತ್ತನೆಯ ಚಿತ್ರದ ಬಲಮೂಲೆಯಲ್ಲಿ ನಮ್ಮ ಮನೆಯ ಜಗಲಿ. ಅಲ್ಲಿ ಅಮ್ಮ ಕೊಳದಪ್ಪಲೆಯ ಮೇಲೆ ಬಗ್ಗಿ, ತೇರಿಗೆ ಬಂದವರಿಗೆ ಪಾನಕ ಬಗ್ಗಿಸುತ್ತಿದ್ದಾಳೆ. ಮದುವೆಯ ಗ್ರೂಪ್ ಫೋಟೋಗಳಲ್ಲಿ ಅವಳು ಉಸಿರು ಬಿಗಿಹಿಡಿದು ನೆಟ್ಟಗೆ, ಸ್ಪಷ್ಟವಾಗಿ ನಿಂತಿದ್ದಾಳೆ. ಕೆಲಸ ಮಾಡುತ್ತಿರುವ ಅಮ್ಮನ ಚಿತ್ರ ಇದೊಂದೇ. ಬಲಗೈ, ಮುಖ ಮಸುಕು. ಪಾತ್ರೆಯ ಕಂಠ ಹಿಡಿದ ಎಡಗೈ ಮಾತ್ರ ಅಲ್ಲಾಡಿಲ್ಲ, ಬಳೆಗಳನ್ನು ಎಣಿಸಬಹುದು.

ಮೊನ್ನೆ ತಂಗಿಯ ಮಗಳು ಅದನ್ನು ತನ್ನ ಮೊಬೈಲಿಗೆ ತೆಗೆದುಕೊಂಡು, “ದೊಡ್ಡಮ್ಮ, ಈ ಕಂಬ, ಕೊಡೆ, ಜನ ಎಲ್ಲ ಅಳಿಸಿ ಅಜ್ಜಿ ಒಬ್ಬರನ್ನೇ ಉಳಿಸಿಕೊಡಲಾ?” ಎಂದಳು. ಈಗ ಅದೂ ಆಗುತ್ತದಂತೆ.

ಬೇಡ ಎಂದೆ. ಆ ಕೊಡೆಯವರಿಗೇ ತಾನೆ ಅಮ್ಮ ಪಾನಕ ಕೊಡುತ್ತಿದ್ದದ್ದು.