ಊರನ್ನು ಓದುವ ವಿದ್ಯೆ

ಊರು ಕಟ್ಟುವುದು ಹಳೆಯ ಕಸುಬು. ಆ ಕಸುಬನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿತು ಪದವಿ ಪಡೆಯುವುದು ತೀರ ಈಚಿನದು. ಹಂಪೆಗೆ ತುಂಗಭದ್ರೆಯ ನೀರನ್ನು ಕಾಲುವೆಯಲ್ಲಿ ತಂದವರಾಗಲಿ, ಬೆಂಗಳೂರಿನಲ್ಲಿ ಒಂದೊಂದು ಕಸುಬಿಗೆ ಒಂದೊಂದು ಪೇಟೆಯನ್ನು ಹಂಚಿಕೊಟ್ಟವರಾಗಲಿ ಯಾವ ಪರೀಕ್ಷೆಗೂ ಕುಳಿತವರಲ್ಲ. ಈ ವಿದ್ಯೆಗೆಂದೇ ಮೊದಲ ಪೀಠವೊಂದು ಏರ್ಪಟ್ಟದ್ದು 1909ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ. ಅದಕ್ಕೆ ಹಣ ಬಂದ ಬಗೆಯೂ ವಿಚಿತ್ರವೇ. ಸನ್‌ಲೈಟ್ ಸಾಬೂನಿನ ಒಡೆಯ ವಿಲಿಯಂ ಲೀವರ್ ತನ್ನ ಮೇಲೆ ಅಪವಾದ ಹೊರಿಸಿದ ಪತ್ರಿಕೆಗಳ ಮೇಲೆ ಮೊಕದ್ದಮೆ ಹೂಡಿ ಗೆದ್ದಿದ್ದನು. ಆ ಪರಿಹಾರದ ಹಣದಲ್ಲಿ ಒಂದು ಪಾಲು ನಗರಯೋಜನೆಯ ಪೀಠವಾಯಿತು. ಪತ್ರಿಕೆಗಳಿಂದ ಲೋಕಕ್ಕೆ ಆದ ಉಪಕಾರಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು.

ಲಿವರ್‌ಪೂಲಿನ ಮೊದಲ ಪ್ರಾಧ್ಯಾಪಕರು ವಾಸ್ತುಶಿಲ್ಪಿಗಳು. ಅಲ್ಲಿ ವಿದ್ಯೆ ಆರಂಭವಾದದ್ದು ನಕ್ಷೆಯ ಹಲಗೆಯಿಂದ. ನಮ್ಮ ದೇಶಕ್ಕೆ ಅದು ಬಂದ ದಾರಿ ಬೇರೆ. ಅದನ್ನು ತಂದವರು ಸಸ್ಯಶಾಸ್ತ್ರದ ಒಬ್ಬ ಪ್ರಾಧ್ಯಾಪಕರು, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1854ರಲ್ಲಿ ಹುಟ್ಟಿದ ಈ ಮಹಾಶಯರು ತಾವಾಗಿ ಯಾವ ಪದವಿಯನ್ನೂ ಪಡೆದವರಲ್ಲ. 1914ರಲ್ಲಿ ಅವರು ಭಾರತಕ್ಕೆ ಹೊರಟಾಗ, ಜಗತ್ತಿನ ನಗರಗಳ ನಕ್ಷೆ ಚಿತ್ರಗಳ ದೊಡ್ಡದೊಂದು ಪ್ರದರ್ಶನವನ್ನು ಬೇರೊಂದು ಹಡಗಿನಲ್ಲಿ ಕಳುಹಿಸಿದ್ದರು. ಮದರಾಸಿನ ಮೇಲೆ ಗುಂಡು ಹಾರಿಸಿ ಹೋದ ಜರ್ಮನಿಯ ‘ಎಂಡೆನ್’ ನೌಕೆ ಆ ಹಡಗನ್ನೂ ಮುಳುಗಿಸಿತು. ಗೆಡ್ಡಿಸರು ಎದೆಗುಂದಲಿಲ್ಲ, ಸ್ನೇಹಿತರ ನೆರವಿನಿಂದ ಮತ್ತೆ ಚಿತ್ರಗಳನ್ನು ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿಯೇಬಿಟ್ಟರು.

ಆಮೇಲೆ ಅವರು ಊರೂರು ತಿರುಗಿ ವರದಿಗಳನ್ನು ಬರೆದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಆ ಊರುಗಳಲ್ಲಿ ಒಂದು. ಇಕ್ಕಟ್ಟಾದ ಹಳೆಯ ಕೇರಿಯೊಂದು ಕಣ್ಣಿಗೆ ಬಿದ್ದರೆ ಅದರ ನಡುವೆ ನೇರವಾದ ಅಗಲ ರಸ್ತೆಯನ್ನು ಸೀಳಿ ಬಿಡುವುದು ಅಂದಿನ ಇಂಜಿನಿಯರುಗಳ ರೂಢಿ. ಮನೆ ಕಳೆದುಕೊಂಡವರು ಪಕ್ಕದ ಕೇರಿಗೆ ಹೋಗಿ ಅದನ್ನು ಇನ್ನಷ್ಟು ಇಕ್ಕಟ್ಟು ಮಾಡುತ್ತಿದ್ದರು. ಗೆಡ್ಡಿಸರು ಕೇರಿಯನ್ನು ಕಾಲುನಡಿಗೆಯಲ್ಲಿ ಸುತ್ತಿ, ಬಿದ್ದುಹೋದ ಮನೆ ಯಾವುದು, ಪಾಳುಬಿದ್ದ ಹಿತ್ತಿಲು ಯಾವುದು, ಬಾವಿ ಎಲ್ಲಿದೆ, ಮರ ಎಲ್ಲಿದೆ ಎಂದು ಗುರುತಿಸುತ್ತಿದ್ದರು. ನಾಲ್ಕಾರು ಪಾಳುಮನೆಗಳನ್ನು ತೆಗೆದು ಬಯಲುಗಳನ್ನು ಒಂದಕ್ಕೊಂದು ಕೂಡಿಸಿದರೆ ಗಾಳಿಬೆಳಕಿಗೆ ದಾರಿಯಾಗುತ್ತದೆ, ಖರ್ಚೂ ಕಡಮೆ ಎಂಬುದು ಅವರ ವಾದ. ದೇಹದ ಬಹುಭಾಗವನ್ನು ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಇದು. ಸೊಳ್ಳೆಯ ಕಾಟವೆಂದು ಕೆರೆಗಳನ್ನು ಮುಚ್ಚಲು ಹೊರಟವರಿಗೂ ಅವರದು ಇದೇ ಬಗೆಯ ಉತ್ತರ: ಕೆರೆಯನ್ನು ಶುಚಿಮಾಡಿ, ಮೀನು ಬಾತುಕೋಳಿಗಳನ್ನು ಬಿಡಿ, ಸೊಳ್ಳೆಯ ಮರಿಗಳನ್ನು ಅವು ನೋಡಿಕೊಳ್ಳುತ್ತವೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದುದನ್ನೂ, ಸಂಪಂಗಿ ಕೆರೆ ಕ್ರೀಡಾಂಗಣವಾದುದನ್ನೂ ಬಲ್ಲ ಬೆಂಗಳೂರಿನವರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಗೆಡ್ಡಿಸರನ್ನು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಕರೆಯಿತು. ನನ್ನ ಕುತೂಹಲವೆಲ್ಲ ಈ ಐದು ವರ್ಷಗಳ ಮೇಲೆ. ಮಾತುಗಾರಿಕೆಯಲ್ಲಿ ಅವರು ಒಳ್ಳೆಯ ಉಪನ್ಯಾಸಕರಲ್ಲ. ತಮ್ಮ ಗಡ್ಡಕ್ಕೇ ಪಾಠ ಹೇಳಿಕೊಳ್ಳುವವರಂತೆ ಗೊಣಗುತ್ತಿದ್ದರಂತೆ. ಒಂದು ಹಾಳೆಯನ್ನು ಮಡಿಸಿ ಮಡಿಸಿ ಮನೆಗಳನ್ನು ಮಾಡಿ, ಅದರಲ್ಲಿ ನೆಲ, ದುಡಿಮೆ, ಜನ ಎಂಬ ಮೂರು ಮಾತುಗಳನ್ನು ಬರೆದು, ಒಂದರ ಮೇಲೊಂದು ಬೀಳುವ ನೆರಳನ್ನು ತೋರಿಸುವುದು ಅವರ ಪದ್ಧತಿ. ಬೆಟ್ಟದ ತುದಿಯಿಂದ ಕಡಲಿನವರೆಗೆ ಒಂದು ಕಣಿವೆಯನ್ನು ಉದ್ದಕ್ಕೆ ಸೀಳಿ ತೋರಿಸುವ ಚಿತ್ರವೊಂದು ಅವರ ಹೆಸರಿನೊಡನೆ ಅಂಟಿಕೊಂಡಿದೆ: ಮೇಲೆ ಗಣಿಯವನು, ಮರಕಡಿಯುವವನು, ಬೇಟೆಗಾರ, ಕೆಳಗಿಳಿದಂತೆ ಕುರುಬ, ಒಕ್ಕಲಿಗ, ತೋಟಿಗ, ಕೊನೆಗೆ ಬೆಸ್ತ. ಪಟ್ಟಣವನ್ನು ತಿಳಿಯಬೇಕಾದರೆ ಅದಕ್ಕೆ ಅನ್ನ, ನೀರು, ಸೌದೆ ಕೊಡುವ ಕಣಿವೆಯನ್ನೆಲ್ಲ ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಆಗುಂಬೆಯಿಂದ ಕಡಲ ಕರೆಗೆ ಇಳಿದು ಹೋದವನಿಗೆ ಚಿತ್ರದ ಅಗತ್ಯವೇ ಇಲ್ಲವೆನ್ನಿ. ಕಾಡು, ಅಡಕೆಯ ತೋಟ, ಗದ್ದೆ, ದೋಣಿ ಎಲ್ಲವೂ ಒಂದೇ ದಿನದಲ್ಲಿ ಕಾಣುತ್ತವೆ. ಇಂದು ಪ್ರಾದೇಶಿಕ ಯೋಜನೆಯೆಂಬ ದೊಡ್ಡ ಹೆಸರಿನಲ್ಲಿ ಕಲಿಸುವ ವಿಷಯದ ಮೊಳಕೆ ಇದು.

ಆ ಮೊಳಕೆ ಮುಂಬಯಿಯಲ್ಲಿ ಮರವಾಗಲಿಲ್ಲ. 1924ರಲ್ಲಿ ಗೆಡ್ಡಿಸರು ಭಾರತವನ್ನು ಬಿಟ್ಟರು. ಅವರೇ ಆರಿಸಿ ವಿಲಾಯಿತಿಗೆ ಕಳುಹಿಸಿದ್ದ ಜಿ. ಎಸ್. ಘುರ್ಯೆಯವರು ಆ ಸ್ಥಾನಕ್ಕೆ ಬಂದರು. ಘುರ್ಯೆ ಮಹಾ ವಿದ್ವಾಂಸರು, ಆದರೆ ಅವರ ಒಲವು ಜಾತಿ, ಕುಲ, ಸಂಸ್ಕೃತಿಗಳ ಅಧ್ಯಯನದ ಕಡೆಗೆ. ಸಮಾಜಶಾಸ್ತ್ರ ಬೆಳೆಯಿತು, ಪೌರಶಾಸ್ತ್ರ ಬಡವಾಯಿತು. ನಗರಯೋಜನೆಯ ವ್ಯಾಸಂಗ ನಮ್ಮಲ್ಲಿ ಮತ್ತೆ ತಲೆಯೆತ್ತಿದ್ದು ಸ್ವಾತಂತ್ರ್ಯದ ನಂತರ: ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ 1949ರಲ್ಲಿ, ದೆಹಲಿಯ ಪ್ರತ್ಯೇಕ ಶಾಲೆಯಲ್ಲಿ 1955ರಲ್ಲಿ. ಎರಡನೆಯ ಸಲ ಅದು ಬಂದದ್ದು ಸಮಾಜಶಾಸ್ತ್ರದ ಮನೆಗಲ್ಲ, ಇಂಜಿನಿಯರು ಮತ್ತು ವಾಸ್ತುಶಿಲ್ಪಿಗಳ ಮನೆಗೆ. ನಷ್ಟವಾದದ್ದು ಇಲ್ಲಿಯೇ ಎಂದು ನನ್ನ ಎಣಿಕೆ.

ಈ ನಡುವೆ ನಮ್ಮ ನಾಡಿನಿಂದಲೇ ಒಂದು ಪಾಠ ಹೊರದೇಶಕ್ಕೆ ಹೋಯಿತು. ಬರ್ಲಿನ್ನಿನಲ್ಲಿ ಹುಟ್ಟಿದ ಓಟೋ ಕೋನಿಗ್ಸ್‌ಬರ್ಗರ್ ಯೆಹೂದಿಯೆಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರದು. ಭುವನೇಶ್ವರದ ಯೋಜನೆಯನ್ನು ರಚಿಸಿ, ದೇಶ ವಿಭಜನೆಯ ತರುವಾಯ ಕೇಂದ್ರ ಸರಕಾರದ ವಸತಿ ನಿರ್ದೇಶಕರಾಗಿದ್ದು, 1951ರಲ್ಲಿ ಅವರು ಲಂಡನ್ನಿಗೆ ಹೋದರು.

ಅಲ್ಲಿ ಆಗ ಒಬ್ಬ ವಿದ್ಯಾರ್ಥಿಯ ಪ್ರಶ್ನೆ ಎದ್ದಿತ್ತು. ನೈಜೀರಿಯದಿಂದ ಬಂದು ಮ್ಯಾಂಚೆಸ್ಟರಿನಲ್ಲಿ ವಾಸ್ತುಶಿಲ್ಪ ಕಲಿಯುತ್ತಿದ್ದ ಅಡೆಯೆಮಿ ಎಂಬಾತ, ಇಲ್ಲಿ ಕಲಿತದ್ದು ನಮ್ಮ ನೆಲಕ್ಕೆ ಹೊಂದುವುದಿಲ್ಲವೆಂದು ದೂರಿದ್ದನು. ಆ ದೂರು 1953ರ ಒಂದು ಸಮ್ಮೇಳನವಾಗಿ, ಮರುವರ್ಷ ಉಷ್ಣದೇಶಗಳ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವಾಯಿತು. 1957ರಿಂದ ಅದನ್ನು ನಡೆಸಿದವರು ಕೋನಿಗ್ಸ್‌ಬರ್ಗರ್. ವರ್ಷಗಟ್ಟಲೆ ಅಳೆದು ಬರೆದ ಮಹಾಯೋಜನೆ ಮುಗಿಯುವಷ್ಟರಲ್ಲಿ ಊರು ಅದನ್ನು ಮೀರಿ ಬೆಳೆದಿರುತ್ತದೆ ಎಂಬುದು ಅವರು ಇಲ್ಲಿಂದ ಕೊಂಡೊಯ್ದ ತಿಳಿವು. 1971ರಲ್ಲಿ ಅದೇ ವಿಭಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಅಭಿವೃದ್ಧಿ ಯೋಜನೆಯ ಕೇಂದ್ರವಾಯಿತು. ಮೈಸೂರಿನ ಬಿಸಿಲಿನಲ್ಲಿ ಕಲಿತ ಪಾಠವನ್ನು ಕೇಳಲು ಏಷ್ಯ, ಆಫ್ರಿಕಗಳ ವಿದ್ಯಾರ್ಥಿಗಳು ಲಂಡನ್ನಿಗೆ ಹೋಗಬೇಕಾಯಿತು!

ಕನ್ನಡದ ಮೇಷ್ಟ್ರಿಗೆ ಇದರ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಇಂದು ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ವ್ಯಾಸಂಗವಿದೆ. ಉಪಗ್ರಹದ ಚಿತ್ರಗಳಿವೆ, ಗಣಕಯಂತ್ರಗಳಿವೆ. ಆದರೆ ಗೆಡ್ಡಿಸರು ಕಾಗದ ಮಡಿಸಿ ಹೇಳಿದ್ದು ನಮ್ಮ ಮಾತಿನಲ್ಲಿ ಆಗಲೇ ಇತ್ತಲ್ಲವೆ? ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ನೆಲ, ದುಡಿಮೆ, ಜನ ಒಂದೊಂದು ಹೆಸರಿನೊಳಗೇ ಕುಳಿತಿವೆ. ಕೋಡಿ, ತೂಬು, ಅಚ್ಚುಕಟ್ಟು, ರಾಜಕಾಲುವೆ, ಗುಂಡುತೋಪು, ಗೋಮಾಳ, ಬಂಡಿಜಾಡು ಇವೆಲ್ಲ ಒಂದು ಊರು ತನ್ನ ನೀರನ್ನೂ ನೆರಳನ್ನೂ ದಾರಿಯನ್ನೂ ಹಂಚಿಕೊಂಡ ಕ್ರಮದ ಹೆಸರುಗಳು. ಕೋಡಿಯೆಂದರೆ ಏನೆಂದು ತಿಳಿಯದವನು ತುಂಬಿದ ಕೆರೆಯ ನೀರು ಹರಿದುಹೋಗುವ ಜಾಗವನ್ನು ನಿವೇಶನವೆಂದು ಗುರುತಿಸುತ್ತಾನೆ. ಮಳೆ ಬಂದ ರಾತ್ರಿ ನೀರು ತನ್ನ ಹಳೆಯ ವಿಳಾಸವನ್ನು ಹುಡುಕಿಕೊಂಡು ಬರುತ್ತದೆ.

ಎಲ್ಲಕ್ಕಿಂತ ಮೋಸಮಾಡುವ ಮಾತು ಕಂದಾಯದ ದಾಖಲೆಯ ‘ಖರಾಬು’. ಕೆಟ್ಟದ್ದು, ಕೆಲಸಕ್ಕೆ ಬಾರದ್ದು ಎಂದು ಅದರ ಮೇಲುನೋಟದ ಅರ್ಥ. ಅದರಲ್ಲಿಯೇ ‘ಬ’ ಖರಾಬು ಎಂದು ಒಂದು ಬಗೆಯುಂಟು. ಸಾಗುವಳಿಗೆ ಬಾರದ, ಕಂದಾಯ ಹಾಕದ ಆ ನೆಲದಲ್ಲಿ ಇರುವುದು ಜನರೆಲ್ಲರಿಗೂ ಮೀಸಲಾದ ದಾರಿ, ಹಳ್ಳ, ಕೆರೆ, ಸ್ಮಶಾನ.