ಕೋಡಿಗಿಂತ ಮೊದಲು ಕರಾರು

ವೆಬ್ ಪ್ರೋಗ್ರಾಮಿಂಗ್ ಕಲಿಯಲು ಕೂತ ಹೊಸಬರಲ್ಲಿ ಬಹಳ ಮಂದಿ ಇಂದು ಮೊದಲು ಕಟ್ಟುವುದು ಎಕ್ಸ್–ಓ ಆಟವನ್ನು. ವೆಬ್ ಪುಟಗಳನ್ನು ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಅಧಿಕೃತ ಪಾಠ ಶುರುವಾಗುವುದೇ ಅಲ್ಲಿಂದ. ‘ಸ್ಕ್ವೇರ್’ ಎಂದರೆ ಒಂದು ಮನೆ. ಒಂಬತ್ತು ಮನೆ ಸೇರಿದರೆ ‘ಬೋರ್ಡ್’. ಆಡಿದ ನಡೆಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ‘ಗೇಮ್’. ಒಟ್ಟು ಮೂರು ಕಾಂಪೊನೆಂಟುಗಳು, ಅಂದರೆ ಘಟಕಗಳು. ಈಗ ಯಾರ ಸರದಿ, ಗೆದ್ದವರು ಯಾರು ಎನ್ನುವುದೊಂದೂ ಮನೆಗೆ ತಿಳಿಯದು. ಬೋರ್ಡು ಹೇಳಿದ್ದನ್ನು ಅದು ತೋರಿಸುತ್ತದೆ, ತನ್ನನ್ನು ಯಾರಾದರೂ ಒತ್ತಿದರೆ ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ.

ಹೊಸಬರು ಮುಗ್ಗರಿಸುವುದು ಇಲ್ಲೇ. ಎಕ್ಸ್ ಇದೆಯೋ ಓ ಇದೆಯೋ ಎಂಬ ಮಾಹಿತಿಯನ್ನು ಆಯಾ ಮನೆಯಲ್ಲೇ ಇಟ್ಟರೆ ಸುಲಭವಲ್ಲವೇ ಎಂದು ಅವರಿಗೆ ಅನಿಸುತ್ತದೆ. ಇಟ್ಟು ನೋಡಿದರೆ, ಗೆದ್ದವರನ್ನು ಹುಡುಕಲು ಬೋರ್ಡು ಒಂಬತ್ತು ಮನೆಗಳ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಯಾವ ಮಾಹಿತಿ ಯಾರ ಕೈಯಲ್ಲಿರಬೇಕು, ಯಾರು ಯಾರಿಗೆ ಏನನ್ನು ಹೇಳಬೇಕು ಎಂಬ ಈ ತಗಾದೆ ರಿಯಾಕ್ಟ್‌ಗಿಂತ ಬಹಳ ಹಳೆಯದು. ಕಾಂಪೊನೆಂಟ್ ಆಧಾರಿತ ತಂತ್ರಾಂಶದ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಇದೊಂದೇ ಪ್ರಶ್ನೆಯ ಸುತ್ತ ತಿರುಗಿದೆ. ಘಟಕದ ಬೆಲೆ ಅದರ ಒಳಗಿನ ಕೋಡಿಗಿಂತ ಅದರ ಅಂಚಿನಲ್ಲಿ ಬರೆದಿಟ್ಟ ಕರಾರಿನಲ್ಲಿದೆ ಎಂದು ಪ್ರತಿ ತಲೆಮಾರೂ ಹೊಸದಾಗಿ, ಹಲವು ಸಲ ನಷ್ಟ ತೆತ್ತು, ಕಲಿತಿದೆ.

ಕಪಾಟಿನಲ್ಲಿದ್ದ ಕಾಗದದ ಟೇಪು

ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಗಣಕ 1949ರಲ್ಲಿ ಕೆಲಸ ಶುರುಮಾಡಿತು. ವರ್ಗಮೂಲ ತೆಗೆಯುವುದು, ಸೈನ್ ಬೆಲೆ ಲೆಕ್ಕಹಾಕುವುದು, ಉತ್ತರವನ್ನು ಅಚ್ಚಿಸುವುದು ಮುಂತಾದ ಕೆಲಸಗಳನ್ನು ಪ್ರತಿಯೊಬ್ಬರೂ ಮತ್ತೆ ಮತ್ತೆ ಬರೆಯುವುದನ್ನು ತಪ್ಪಿಸಲು ಅಲ್ಲಿನವರು ಸಬ್‌ರುಟೀನುಗಳ ಲೈಬ್ರರಿ ಕಟ್ಟಿದರು. ಆಗ ಅದು ನಿಜಕ್ಕೂ ಕೈಯಲ್ಲಿ ಹಿಡಿಯಬಹುದಾದ ಲೈಬ್ರರಿ. ತೂತು ಕೊರೆದ ಕಾಗದದ ಟೇಪುಗಳು ಕಪಾಟಿನಲ್ಲಿ ಇರುತ್ತಿದ್ದವು, ಬೇಕಾದವರು ನಕಲು ತೆಗೆದು ತಮ್ಮ ಪ್ರೋಗ್ರಾಮಿನ ಟೇಪಿಗೆ ಸೇರಿಸಿಕೊಳ್ಳುತ್ತಿದ್ದರು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ 1951ರಲ್ಲಿ ಈ ಪದ್ಧತಿಯನ್ನು ವಿವರಿಸುವ ಪುಸ್ತಕ ಹೊರತಂದರು.

ಮರುವರ್ಷ ವೀಲರ್ ಒಂದು ಸಣ್ಣ ಪ್ರಬಂಧದಲ್ಲಿ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ. ಸಬ್‌ರುಟೀನ್ ಬರೆದು, ಪರೀಕ್ಷಿಸಿ ಮುಗಿಸಿದ ಮೇಲೂ ಒಂದು ದೊಡ್ಡ ಕೆಲಸ ಬಾಕಿ ಉಳಿಯುತ್ತದೆ: ಒಳಗಿನ ಕೋಡನ್ನು ನೋಡದವರೂ ಸಲೀಸಾಗಿ ಬಳಸುವಂತೆ ಅದರ ವಿವರಣೆ ಬರೆಯುವುದು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಇರಬಹುದು ಎಂದು ಅವರು ಗುರುತಿಸಿದ್ದರು.

ಗಾರ್ಮಿಶ್‌ನ ಬೇಡಿಕೆ

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಪಟ್ಟಣದಲ್ಲಿ ನೇಟೋ ಕರೆದ ಸಮ್ಮೇಳನ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರನ್ನು ಜನಜನಿತ ಮಾಡಿತು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಅಲ್ಲಿ ಮಂಡಿಸಿದ ಪ್ರಬಂಧ ಕಾಂಪೊನೆಂಟುಗಳನ್ನು ಕಾರ್ಖಾನೆಯ ಮಾದರಿಯಲ್ಲಿ ತಯಾರಿಸುವ ಬಗ್ಗೆ. ಹಾರ್ಡ್‌ವೇರ್ ಎಂಜಿನಿಯರ್ ಕ್ಯಾಟಲಾಗ್ ತಿರುವಿ ಬಿಡಿಭಾಗ ಆರಿಸಿಕೊಳ್ಳುತ್ತಾನೆ, ಪ್ರೋಗ್ರಾಮರಿಗೆ ಅಂಥ ಸೌಲಭ್ಯ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ಅವರು ಕೇಳಿದ್ದು ಒಂದು ಸೈನ್ ರುಟೀನನ್ನಲ್ಲ. ಎಷ್ಟು ನಿಖರತೆ, ಎಷ್ಟು ವೇಗ, ಎಷ್ಟು ಮೆಮೊರಿ, ತಪ್ಪು ಅಂಕಿ ಬಂದರೆ ಎಷ್ಟು ಗಟ್ಟಿಯಾಗಿ ನಿಲ್ಲಬೇಕು ಎಂಬುದರ ಮೇಲೆ ಆರಿಸಿಕೊಳ್ಳಬಹುದಾದ ಇಡೀ ಕುಟುಂಬವೇ ಬೇಕೆಂದರು.

ಆ ಮಾರುಕಟ್ಟೆ ತಕ್ಷಣ ಹುಟ್ಟಲಿಲ್ಲ. ಆದರೆ ಅವರದೇ ಇನ್ನೊಂದು ಹಂಬಲ 1973ರಲ್ಲಿ ಯುನಿಕ್ಸ್‌ನ ‘ಪೈಪ್’ ಆಗಿ ಕೈಗೂಡಿತು. ಕೆನ್ ಥಾಂಪ್ಸನ್ ಅದನ್ನು ಅಳವಡಿಸಿದ ಮೇಲೆ ಒಂದು ಪ್ರೋಗ್ರಾಮಿನ ಹೊರಹರಿವು ಮತ್ತೊಂದರ ಒಳಹರಿವಾಯಿತು. ಸಾಲುಗಳನ್ನು ಹುಡುಕುವುದು, ವಿಂಗಡಿಸುವುದು, ಎಣಿಸುವುದು, ಒಂದೊಂದಕ್ಕೂ ಪುಟ್ಟ ಪ್ರೋಗ್ರಾಮು. ಅವೆಲ್ಲ ಕೂಡಿಬಂದದ್ದು ಒಂದೇ ಸರಳ ಕರಾರಿನಿಂದ: ಒಳಬರುವುದೂ ಸಾಲು ಸಾಲು ಪಠ್ಯ, ಹೊರಹೋಗುವುದೂ ಅದೇ.

ಈ ನಡುವೆ, 1972ರಲ್ಲಿ, ಡೇವಿಡ್ ಪಾರ್ನಾಸ್ ಇನ್ನೊಂದು ಮೂಲಭೂತ ಪ್ರಶ್ನೆ ಎತ್ತಿದ್ದರು. ದೊಡ್ಡ ಪ್ರೋಗ್ರಾಮನ್ನು ಒಡೆಯುವುದು ಸರಿ, ಎಲ್ಲಿ ಒಡೆಯಬೇಕು? ಶೀರ್ಷಿಕೆಗಳ ಪದಸೂಚಿ ತಯಾರಿಸುವ ಪ್ರೋಗ್ರಾಮೊಂದನ್ನು ಅವರು ಎರಡು ಬಗೆಯಲ್ಲಿ ಒಡೆದು ತೋರಿಸಿದರು. ಮೊದಲ ಬಗೆಯಲ್ಲಿ ಕೆಲಸದ ಹಂತಕ್ಕೊಂದು ಭಾಗ. ಎರಡನೆಯದರಲ್ಲಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡುವುದು. ದತ್ತಾಂಶವನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾದರೆ ಮೊದಲ ಬಗೆಯಲ್ಲಿ ಎಲ್ಲ ಭಾಗಗಳನ್ನೂ ತಿದ್ದಬೇಕು, ಎರಡನೆಯದರಲ್ಲಿ ಒಂದನ್ನು ಮಾತ್ರ.

ಕನ್ನಡಿಗರು ಈ ಪಾಠವನ್ನು ತಮ್ಮ ಕಡತಗಳಲ್ಲೇ ಅನುಭವಿಸಿದ್ದಾರೆ. ಯುನಿಕೋಡ್ ಬೇರೂರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯವು ಆಯಾ ಫಾಂಟಿನ ಆಕೃತಿಗಳ ಸಂಕೇತಕ್ಕೇ ಅಂಟಿಕೊಂಡಿರುತ್ತಿತ್ತು. ಪಠ್ಯವನ್ನು ಕಾಯ್ದಿಡುವ ಕೆಲಸಕ್ಕೂ ಅದನ್ನು ತೋರಿಸುವ ಕೆಲಸಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಫಾಂಟು ಬದಲಾದರೆ ಪುಟವೆಲ್ಲ ಕಲಸುಮೇಲೋಗರ.

ಈಗ ಯುನಿಕೋಡ್ ಪಠ್ಯವನ್ನು ಕಾಯುತ್ತದೆ, ಫಾಂಟು ಆಕೃತಿಗಳನ್ನು ಒದಗಿಸುತ್ತದೆ. ಒತ್ತಕ್ಷರ, ಕಾಗುಣಿತಗಳನ್ನು ಸರಿಯಾಗಿ ಕೂಡಿಸುವ ಹೊಣೆ ನಡುವಿನ ಮತ್ತೊಂದು ಕಾಂಪೊನೆಂಟಿನದು. ಹಾರ್ಫ್‌ಬಜ್ ಅಂಥ ಒಂದು ಮುಕ್ತ ತಂತ್ರಾಂಶ. ಪಠ್ಯ ಮತ್ತು ಫಾಂಟನ್ನು ಕೊಟ್ಟರೆ ಯಾವ ಆಕೃತಿ ಎಲ್ಲಿ ಕೂರಬೇಕೆಂದು ಅದು ತಿಳಿಸುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಅಲ್ಲಿ ಕನ್ನಡದ ದೋಷವೊಂದನ್ನು ತಿದ್ದಿದರೆ ಫಲ ಎಲ್ಲ ಕಡೆಗೂ ತಲುಪುತ್ತದೆ.

ಎಳೆದು ತಂದು ಕೂರಿಸಿದ ಬಟನ್

1980ರ ದಶಕದಲ್ಲಿ ಬ್ರ್ಯಾಡ್ ಕಾಕ್ಸ್, ಐಸಿ ಚಿಪ್ಪುಗಳಂತೆ ಕೊಂಡು ಜೋಡಿಸಬಹುದಾದ ‘ಸಾಫ್ಟ್‌ವೇರ್ ಐಸಿ’ಗಳ ಕಲ್ಪನೆಯನ್ನು ಮುಂದಿಟ್ಟರು. ಅದಕ್ಕಾಗಿ ಟಾಮ್ ಲವ್ ಜೊತೆ ರೂಪಿಸಿದ ಆಬ್ಜೆಕ್ಟಿವ್-ಸಿ ಭಾಷೆ ನೆಕ್ಸ್ಟ್ ಕಂಪನಿಯ ಮೂಲಕ ಆಪಲ್‌ಗೆ ಬಂದು, ಐಫೋನಿನ ಆ್ಯಪ್‌ಗಳ ಭಾಷೆಯಾಯಿತು.

ಸಾಮಾನ್ಯ ಪ್ರೋಗ್ರಾಮರ್ ಕಾಂಪೊನೆಂಟನ್ನು ಕಣ್ಣಾರೆ ಕಂಡದ್ದು 1991ರಲ್ಲಿ, ವಿಷುವಲ್ ಬೇಸಿಕ್ ಬಂದಾಗ. ಬಟನ್ನನ್ನು ಮೌಸಿನಿಂದ ಎಳೆದು ತಂದು ಫಾರಂ ಮೇಲೆ ಇಟ್ಟು, ಅದರ ಬಣ್ಣ, ಬರಹ, ಅಗಲವನ್ನು ಪಟ್ಟಿಯಲ್ಲಿ ತಿದ್ದಿ, ಎರಡು ಸಲ ಒತ್ತಿದರೆ ಕೋಡ್ ಬರೆಯುವ ಜಾಗ ತೆರೆದುಕೊಳ್ಳುತ್ತಿತ್ತು. ಗುಣಗಳು ಹೊರಗಿಂದ ಒಳಕ್ಕೆ, ಘಟನೆಗಳು ಒಳಗಿಂದ ಹೊರಕ್ಕೆ. ಎಕ್ಸ್–ಓ ಆಟದ ‘ಸ್ಕ್ವೇರ್’ ನಡೆಯುವುದೂ ಇದೇ ಕ್ರಮದಲ್ಲಿ. ಗ್ರಾಫ್, ಕೋಷ್ಟಕ, ಕ್ಯಾಲೆಂಡರ್‌ಗಳನ್ನು ವಿಷುವಲ್ ಬೇಸಿಕ್‌ಗೆ ಸೇರಿಸಬಹುದಾದ ವಿಬಿಎಕ್ಸ್ ಘಟಕಗಳ ರೂಪದಲ್ಲಿ ತಯಾರಿಸಿ ಮಾರುವ ಸಣ್ಣ ಕಂಪನಿಗಳು ಹುಟ್ಟಿಕೊಂಡವು. 1995ರಲ್ಲಿ ಬೋರ್‌ಲ್ಯಾಂಡ್‌ನ ಡೆಲ್ಫಿ ಬಂದು ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಮೆಕಿಲ್‌ರಾಯ್ ಕೇಳಿದ್ದ ಕ್ಯಾಟಲಾಗ್ ಇಪ್ಪತ್ತಮೂರು ವರ್ಷ ತಡವಾಗಿಯಾದರೂ ಕಣ್ಣಿಗೆ ಬಿದ್ದಿತ್ತು.

ಜೊತೆಗೇ ತೊಡಕುಗಳೂ ಬಂದವು. ವಿಂಡೋಸ್‌ನಲ್ಲಿ ಹಲವು ಪ್ರೋಗ್ರಾಮುಗಳು ಒಂದೇ ಡಿಎಲ್‌ಎಲ್ ಕಡತವನ್ನು ಹಂಚಿಕೊಳ್ಳುತ್ತಿದ್ದವು. ಹೊಸ ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಿದಾಗ ಅದು ತನಗೆ ಬೇಕಾದ ಆವೃತ್ತಿಯನ್ನು ಹಳೆಯದರ ಮೇಲೆ ಬರೆದುಬಿಡುತ್ತಿತ್ತು. ನಿನ್ನೆಯವರೆಗೆ ಓಡುತ್ತಿದ್ದ ಇನ್ನೊಂದು ಪ್ರೋಗ್ರಾಮು ಇಂದು ಬಾಯಿ ಮುಚ್ಚುತ್ತಿತ್ತು. ಆ ಕಾಲದವರು ಇದನ್ನು ‘ಡಿಎಲ್‌ಎಲ್ ನರಕ’ ಎಂದೇ ಕರೆದರು. ಆವೃತ್ತಿಗಳ ಇಂಥ ಘರ್ಷಣೆ ತಡೆಯಲು, 1993ರಲ್ಲಿ ಮೈಕ್ರೋಸಾಫ್ಟ್ ತಂದ ಕಾಮ್ ಎಂಬ ಕಾಂಪೊನೆಂಟ್ ವ್ಯವಸ್ಥೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಒಮ್ಮೆ ಪ್ರಕಟಿಸಿದ ಇಂಟರ್‌ಫೇಸನ್ನು, ಅಂದರೆ ಘಟಕದ ಅಂಚಿನ ಕರಾರನ್ನು, ಎಂದೂ ಬದಲಿಸಬಾರದು, ಹೊಸತು ಬೇಕಿದ್ದರೆ ಬೇರೆ ಇಂಟರ್‌ಫೇಸನ್ನೇ ಸೇರಿಸಬೇಕು.

ಕ್ಲೆಮೆನ್ಸ್ ಜಿಪರ್‌ಸ್ಕಿ ಅವರ ‘ಕಾಂಪೊನೆಂಟ್ ಸಾಫ್ಟ್‌ವೇರ್’ ಗ್ರಂಥ ದಶಕದ ಕೊನೆಯ ಹೊತ್ತಿಗೆ ಈ ಅನುಭವವನ್ನೆಲ್ಲ ಒಟ್ಟುಗೂಡಿಸಿತು. ಅವರ ವ್ಯಾಖ್ಯೆಯ ತಿರುಳು ಹೀಗಿದೆ: ಕಾಂಪೊನೆಂಟಿನ ಇಂಟರ್‌ಫೇಸು ಕರಾರಿನಂತೆ ಸ್ಪಷ್ಟವಾಗಿರಬೇಕು, ತಾನು ಏನೇನನ್ನು ಅವಲಂಬಿಸಿದ್ದೇನೆಂದು ಅದು ಬಾಯಿಬಿಟ್ಟು ಹೇಳಬೇಕು, ಸ್ವತಂತ್ರವಾಗಿ ಅಳವಡಿಸಲು ಬರಬೇಕು, ಬರೆದವರಲ್ಲದ ಮೂರನೆಯವರೂ ಅದನ್ನು ಜೋಡಿಸುವಂತಿರಬೇಕು.

37 ಸೆಕೆಂಡು

ಕರಾರಿನ ಒಂದು ಸಾಲು ಬಿಟ್ಟುಹೋದರೆ ಏನಾಗುತ್ತದೆಂದು 1996ರ ಜೂನ್ 4ರಂದು ಜಗತ್ತು ನೋಡಿತು. ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಯುರೋಪಿನ ಆರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ರಾಕೆಟ್ಟಿನ ದಿಕ್ಕು, ವೇಗಗಳನ್ನು ಅಳೆಯುವ ವ್ಯವಸ್ಥೆಯ ತಂತ್ರಾಂಶವನ್ನು ಆರಿಯಾನ್ 4ರಿಂದ ಹಾಗೇ ತಂದಿದ್ದರು. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತ್ತು. ಅದರೊಳಗಿನ ಒಂದು ಸಾಲು, ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಅಂಕಿಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುತ್ತಿತ್ತು. 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಬೆಲೆ ಹಿಡಿಸುವುದಿಲ್ಲ. ಆರಿಯಾನ್ 4ರ ಪಥದಲ್ಲಿ ಬೆಲೆ ಅಷ್ಟು ಏರುತ್ತಿರಲಿಲ್ಲ, ಆರಿಯಾನ್ 5ರ ಪಥದಲ್ಲಿ ಏರಿತು. ಸುಮಾರು 37 ಸೆಕೆಂಡಿಗೆ ಮುಖ್ಯ ಘಟಕವೂ ಅದೇ ತಂತ್ರಾಂಶ ಹೊತ್ತ ಬದಲಿ ಘಟಕವೂ ಕೈಕೊಟ್ಟವು. ರಾಕೆಟ್ ದಿಕ್ಕು ತಪ್ಪಿ, ನಾಲ್ಕು ಕ್ಲಸ್ಟರ್ ಉಪಗ್ರಹಗಳೊಂದಿಗೆ ಆಕಾಶದಲ್ಲೇ ಸಿಡಿಯಿತು. ವೇಗದ ಆ ಲೆಕ್ಕಾಚಾರ ಆರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೂ ಇರಲಿಲ್ಲ.

‘ಕರಾರಿನ ಮೂಲಕ ವಿನ್ಯಾಸ’ ಎಂಬ ಪದ್ಧತಿಯನ್ನು ತಮ್ಮ ಐಫೆಲ್ ಭಾಷೆಯಲ್ಲಿ ತಂದಿದ್ದ ಬೆರ್ಟ್ರಾಂಡ್ ಮೇಯರ್, ಮರುವರ್ಷ ಸಹಲೇಖಕರೊಬ್ಬರೊಂದಿಗೆ ಬರೆದ ಲೇಖನದಲ್ಲಿ ಇದನ್ನು ಮರುಬಳಕೆಯ ದೋಷವೆಂದೇ ಕರೆದರು. ‘ಬೆಲೆ ಇಷ್ಟರೊಳಗೆ ಇರಬೇಕು’ ಎಂಬ ಷರತ್ತು ಕೋಡಿನ ಜೊತೆಗೇ ಪ್ರಯಾಣ ಮಾಡಬೇಕಿತ್ತು ಎನ್ನುವುದು ಅವರ ವಾದ.

ಹನ್ನೊಂದು ಸಾಲಿನ ಮೇಲೆ ನಿಂತದ್ದು

2010ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಎನ್‌ಪಿಎಂ, ಒಂದು ಸಾಲಿನ ಆದೇಶದಿಂದ ಯಾರು ಬೇಕಾದರೂ ಯಾರದೇ ಪ್ಯಾಕೇಜನ್ನು ತಂದುಕೊಳ್ಳುವಂತೆ ಮಾಡಿತು. 2013ರಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಮುಕ್ತಗೊಳಿಸಿತು, ಮರುವರ್ಷ ಅಂಥದೇ ಆದ ವ್ಯೂ ಬಂತು. ಪುಟವೆಂದರೆ ಕಾಂಪೊನೆಂಟುಗಳ ಮರ ಎಂಬ ನೋಟ ವೆಬ್‌ನ ವಾಡಿಕೆಯಾಯಿತು.

2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂನಿಂದ ಹಿಂತೆಗೆದುಕೊಂಡರು. ಬರಹದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಕೋಡು ಅದು. ಪ್ಯಾಕೇಜಿನ ಒಳಗಿನ ಪ್ಯಾಕೇಜಿನ ಒಳಗೆ ಅದನ್ನು ಬಳಸುತ್ತಿದ್ದ ಸಾವಿರಾರು ಯೋಜನೆಗಳು ತಟ್ಟನೆ ನಿಂತವು. ಬಹುಪಾಲು ಮಂದಿಗೆ ತಾವು ಅದನ್ನು ಅವಲಂಬಿಸಿದ್ದೇ ತಿಳಿದಿರಲಿಲ್ಲ. ಎನ್‌ಪಿಎಂ ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇಟ್ಟು, ಹಿಂತೆಗೆಯುವ ನಿಯಮಗಳನ್ನು ಆಮೇಲೆ ಬಿಗಿ ಮಾಡಿತು. 2021ರ ಡಿಸೆಂಬರಿನ ಲಾಗ್4ಜೆ ಪ್ರಕರಣ ಇನ್ನೂ ಗಂಭೀರ. ಪ್ರೋಗ್ರಾಮಿನ ದಿನಚರಿ ಬರೆದಿಡಲು ಜಾವಾ ಪ್ರಪಂಚ ನೆಚ್ಚಿದ್ದ ಆ ಕಾಂಪೊನೆಂಟು, ಬರೆದಿಡಬೇಕಾದ ಪಠ್ಯದಲ್ಲಿ ಒಂದು ವಿಶೇಷ ವಿನ್ಯಾಸ ಕಂಡರೆ ಅದನ್ನು ಆದೇಶವೆಂದು ಪಾಲಿಸಿ ಹೊರಗಿನ ಕೋಡನ್ನು ಎಳೆದುತರಬಲ್ಲದಾಗಿತ್ತು. ಬಳಸುವವರಲ್ಲಿ ಬಹಳಷ್ಟು ಜನ ಕೇಳದೇ ಇದ್ದ ಸಾಮರ್ಥ್ಯವದು.

ಹಾಗೆಂದು ಕಾಂಪೊನೆಂಟಿನ ದಾರಿ ಸೋತಿಲ್ಲ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ಮೋಸಿಪ್, ದೇಶಗಳು ತಮ್ಮ ಗುರುತುಚೀಟಿ ವ್ಯವಸ್ಥೆ ಕಟ್ಟಿಕೊಳ್ಳಲು ಒದಗಿಸುವ ಮುಕ್ತ ತಂತ್ರಾಂಶ. ನೋಂದಣಿ, ಅರ್ಜಿಯ ಸಂಸ್ಕರಣೆ, ಗುರುತಿನ ದೃಢೀಕರಣ ಎಲ್ಲವೂ ಬೇರೆ ಬೇರೆ ಘಟಕಗಳು. ಬೆರಳಚ್ಚು ಯಂತ್ರ ಪಾಲಿಸಬೇಕಾದ ಇಂಟರ್‌ಫೇಸನ್ನು ಬಹಿರಂಗವಾಗಿ ಬರೆದಿಟ್ಟಿರುವುದರಿಂದ, ಯಂತ್ರ ಯಾವ ಕಂಪನಿಯದಾದರೂ ನಡೆಯುತ್ತದೆ. ಫಿಲಿಪೀನ್ಸ್ ಮತ್ತು ಮೊರಾಕ್ಕೊ ಇದನ್ನು ಅಳವಡಿಸಿಕೊಂಡ ದೇಶಗಳಲ್ಲಿ ಸೇರಿವೆ.

ಹೊಸಬರು ಎಲ್ಲಿಂದ ಹಿಡಿಯಬೇಕು

ಈಗಿನ ಪಾಠಗಳಲ್ಲಿ ಒಳ್ಳೆಯವು ಕೋಡಿಗಿಂತ ಮೊದಲು ಒಡೆಯುವುದನ್ನು ಕಲಿಸುತ್ತವೆ. ರಿಯಾಕ್ಟ್ ದಾಖಲೆಗಳು ಸೂಚಿಸುವ ಕ್ರಮದಲ್ಲಿ ಐದು ಹೆಜ್ಜೆಗಳಿವೆ. ಪರದೆಯ ಚಿತ್ರವನ್ನು ಭಾಗಗಳಾಗಿ ಒಡೆಯುವುದು. ಅಲುಗಾಡದ ಆವೃತ್ತಿಯೊಂದನ್ನು ಮೊದಲು ಕಟ್ಟುವುದು. ಬದಲಾಗುವ ಮಾಹಿತಿ ಕನಿಷ್ಠ ಎಷ್ಟೆಂದು ಗುರುತಿಸುವುದು. ಅದು ಯಾವ ಭಾಗದಲ್ಲಿರಬೇಕೆಂದು ನಿರ್ಧರಿಸುವುದು. ಕೊನೆಗೆ ಕೆಳಗಿನಿಂದ ಮೇಲಕ್ಕೆ ಸುದ್ದಿ ಮುಟ್ಟಿಸುವುದು. ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆಗಳಿಗೆ ಕೊಟ್ಟ ಸಮಯ ಎಂದೂ ವ್ಯರ್ಥವಲ್ಲ. ಒಂದೇ ಮಾಹಿತಿಯನ್ನು ಎರಡು ಕಡೆ ಇಟ್ಟುಕೊಂಡು, ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಹೊಸಬರ ಕೋಡಿನ ಅತಿ ಸಾಮಾನ್ಯ ತಪ್ಪು.

ಕರಾರು ಬರೆಯುವ ಅಭ್ಯಾಸಕ್ಕೆ ಕನ್ನಡಕ್ಕಿಂತ ಒಳ್ಳೆಯ ಕಣ ಸಿಗುವುದು ಕಷ್ಟ. ಜಾವಾಸ್ಕ್ರಿಪ್ಟಿಗೆ ‘ರಾಷ್ಟ್ರ’ ಪದದ ಉದ್ದ ಎಷ್ಟೆಂದು ಕೇಳಿದರೆ ಬರುವ ಉತ್ತರ 7, ಕನ್ನಡ ಬಲ್ಲವರಿಗೆ ಅದರಲ್ಲಿ ಇರುವುದು 2 ಅಕ್ಷರ. ಶೀರ್ಷಿಕೆಯನ್ನು ಮೊದಲ 4ಕ್ಕೆ ಮೊಟಕುಗೊಳಿಸು ಎಂದರೆ ‘ರಾಷ್’ ಉಳಿಯುತ್ತದೆ. ಲೆಫ್ಟ್-ಪ್ಯಾಡ್‌ನಂಥ ಕೋಡು ಕನ್ನಡ ಪದಗಳ ಪಟ್ಟಿಯನ್ನು ಸಾಲಾಗಿ ನಿಲ್ಲಿಸಲಾರದೇ ಹೋಗುವುದೂ ಇದೇ ಕಾರಣಕ್ಕೆ. ‘ಒಂದು ಸಂಕೇತ ಅಂದರೆ ಒಂದು ಅಕ್ಷರ’ ಎಂಬ ಬರೆಯದ ಷರತ್ತು, ಆರಿಯಾನ್‌ನ 32,767ರ ಹಾಗೆಯೇ, ಅದರೊಳಗೆ ಅಡಗಿ ಕೂತಿದೆ.

ಕನ್ನಡ ಶೀರ್ಷಿಕೆಯನ್ನು ಇಂತಿಷ್ಟು ಅಕ್ಷರಕ್ಕೆ ಮೊಟಕುಗೊಳಿಸುವ ಪುಟ್ಟ ಕಾಂಪೊನೆಂಟನ್ನು ಮೊದಲ ಸ್ವಂತ ಯೋಜನೆಯಾಗಿ ಹಿಡಿಯಬಹುದು. ಅಕ್ಷರವೆಂದರೆ ಏನು, ಅರ್ಕಾವೊತ್ತು ಬಂದರೆ ಎಲ್ಲಿ ಕತ್ತರಿಸಬಾರದು, ನಡುವೆ ಇಂಗ್ಲಿಷ್ ಪದವೋ ಅಂಕಿಯೋ ಇದ್ದರೆ ಹೇಗೆ ಎಣಿಸಬೇಕು, ಪಠ್ಯವೇ ಖಾಲಿ ಇದ್ದರೆ ಏನನ್ನು ಮರಳಿಸಬೇಕು ಎಂಬುದನ್ನು ಮೊದಲು ಕನ್ನಡದಲ್ಲೇ ಬರೆದಿಡಬೇಕು. ‘ರಾಷ್ಟ್ರ’, ‘ಕರ್ನಾಟಕ’, ‘ಸ್ತ್ರೀ’ ಪದಗಳಿಂದ ಪರೀಕ್ಷೆಗಳನ್ನು ಕಟ್ಟಿದ ಮೇಲೆ ಕೋಡಿನ ಸರದಿ. ಅಕ್ಷರ ಬಿಡಿಸಲು ಸಿದ್ಧ ಲೈಬ್ರರಿಯನ್ನು ತಂದರೂ, ಒತ್ತಕ್ಷರವನ್ನು ಅದು ಎಲ್ಲಿ ತುಂಡರಿಸುತ್ತದೆಂದು ಅದೇ ಪರೀಕ್ಷೆಗಳಿಂದ ನೋಡಿಕೊಳ್ಳಬೇಕು, ಅದರ ಆವೃತ್ತಿಯನ್ನು ನಮೂದಿಸಬೇಕು. ಬಳಿಕ ಕೋಡನ್ನು ಮುಚ್ಚಿಟ್ಟು ವಿವರಣೆಯನ್ನಷ್ಟೇ ಸಹಪಾಠಿಯ ಕೈಗೆ ಕೊಡಬೇಕು. ಅವರು ಏನನ್ನೂ ಕೇಳದೆ ಅದನ್ನು ತಮ್ಮ ಪುಟದಲ್ಲಿ ಬಳಸಿಕೊಂಡರೆ ಕಾಂಪೊನೆಂಟು ತಯಾರಾಗಿದೆ. ಕೇಳಿದರೆ, ಆ ಒಂದೊಂದು ಪ್ರಶ್ನೆಯೂ ವಿವರಣೆಗೆ ಸೇರಬೇಕಾದ ಒಂದೊಂದು ಸಾಲು.